ಹಗ್ಗ ಬಿಚ್ಚಿ, ಆಡಲು ಬಿಡಿ

ಪಿನ್‌ಬಾಲ್ ಯಂತ್ರಗಳ ಸುತ್ತ ಹಗ್ಗ ಕಟ್ಟಿದವರ ಮೇಲಿನ ಸಿಟ್ಟು ಒಂದು ರಾತ್ರಿ ನಿದ್ದೆ ಮಾಡಿ ಎದ್ದರೂ ಇಳಿದಿಲ್ಲ. ಅದಕ್ಕೇ ಬೆಳಗ್ಗೆ ಕಾಫಿ ಕುಡಿದವಳೇ ಬರೆಯಲು ಕೂತಿದ್ದೇನೆ. ಉದ್ದವಾಗುತ್ತದೆ, ಪುರುಸೊತ್ತಿದ್ದವರು ಓದಿ.

ನಿನ್ನೆ ಭಾನುವಾರ ನಮ್ಮ ಮೈಸೂರಿನಲ್ಲಿ ಪಿನ್‌ಬಾಲ್ ಪ್ರಿಯರ ಮೇಳ ನಡೆಯಿತು. ದೊಡ್ಡ ಸಂಸ್ಥೆಯೇನೂ ಅಲ್ಲ, ಹುಚ್ಚು ಹತ್ತಿದ ಕೆಲವರು ಸೇರಿ ಮಾಡಿದ್ದು. ಆಷಾಢದಲ್ಲಿ ಮದುವೆ ಇಲ್ಲವಲ್ಲ, ಛತ್ರ ಸುಲಭವಾಗಿ ಸಿಕ್ಕಿತ್ತು. ಬೆಂಗಳೂರಿನಿಂದ, ಕೊಯಮತ್ತೂರಿನಿಂದ ಟೆಂಪೋಗಳಲ್ಲಿ ಯಂತ್ರ ತಂದಿದ್ದರು. ಒಂದೊಂದೂ 100 ಕಿಲೋ ಮೀರಿದ ಭಾರ. ಅಮೆರಿಕದ 110 ವೋಲ್ಟಿನ ಯಂತ್ರಗಳಾದ್ದರಿಂದ ಪ್ರತಿಯೊಂದರ ಕಾಲಬುಡದಲ್ಲೂ ಒಂದು ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತಿತ್ತು. ಇಷ್ಟು ಕಷ್ಟಪಟ್ಟು ತಂದವರ ಬಗ್ಗೆ ನನಗೆ ಗೌರವವಿದೆ. ಆ ಗೌರವ ಇರುವುದರಿಂದಲೇ ಈ ಜಗಳ.

ಪಿನ್‌ಬಾಲ್ ನೋಡಿರದವರಿಗಾಗಿ: ಇಳಿಜಾರಾಗಿ ಕೂರಿಸಿದ ಮರದ ಹಲಗೆ, ಅದರ ಮೇಲೆ ಗಾಜು. ಒಳಗೆ 27 ಮಿಲಿಮೀಟರ್ ವ್ಯಾಸದ, ಸುಮಾರು 80 ಗ್ರಾಂ ತೂಕದ ಉಕ್ಕಿನ ಗುಂಡು. ಬಲಗಡೆಯ ಸ್ಪ್ರಿಂಗ್ ಹಿಡಿಕೆ ಎಳೆದು ಬಿಟ್ಟರೆ ಗುಂಡು ಮೇಲಕ್ಕೆ ಹಾರಿ, ತಾಗಿದ್ದನ್ನು ಚಿಮ್ಮಿಸುವ ಬಂಪರುಗಳಿಗೆ ಬಡಿದು, ಅಂಕ ಗಳಿಸುತ್ತಾ ಕೆಳಗೆ ಉರುಳಿ ಬರುತ್ತದೆ. ಕೆಳಗೆ ಬಿದ್ದು ಹೋಗದಂತೆ ಎರಡು ಫ್ಲಿಪ್ಪರುಗಳಿಂದ, ಅಂದರೆ ಬದಿಯ ಗುಂಡಿ ಒತ್ತಿದರೆ ಮೇಲೇಳುವ ಪುಟ್ಟ ಕೋಲುಗಳಿಂದ, ಹೊಡೆದು ಮತ್ತೆ ಮೇಲಕ್ಕೆ ಕಳಿಸುತ್ತಿರಬೇಕು. ನಾವು ಬೇಸಿಗೆ ರಜೆಯಲ್ಲಿ ಮೊಳೆ ಹೊಡೆದ ಹಲಗೆಯ ಮೇಲೆ ಗೋಲಿ ಬಿಟ್ಟು ಆಡುತ್ತಿದ್ದೆವಲ್ಲ ಬ್ಯಾಗಟೆಲ್, ಅದರಿಂದಲೇ ಇದು ಬೆಳೆದದ್ದು. ಆ ಸ್ಪ್ರಿಂಗ್ ಹಿಡಿಕೆಗೆ ಅಮೆರಿಕದ ಸಿನ್ಸಿನಾಟಿಯಲ್ಲಿದ್ದ ಮಾಂಟೆಗ್ಯೂ ರೆಡ್‌ಗ್ರೇವ್ 1871ರಲ್ಲೇ ಪೇಟೆಂಟ್ ಪಡೆದಿದ್ದ. ಫ್ಲಿಪ್ಪರ್ ಬಂದದ್ದು ಮಾತ್ರ ಬಹಳ ತಡವಾಗಿ, 1947ರಲ್ಲಿ, ಗಾಟ್ಲೀಬ್ ಕಂಪನಿಯ ಹಂಪ್ಟಿ ಡಂಪ್ಟಿ ಎಂಬ ಯಂತ್ರದಲ್ಲಿ. ಅಲ್ಲಿಯವರೆಗೆ ಗುಂಡು ಬಿಟ್ಟ ಮೇಲೆ ಯಂತ್ರವನ್ನು ಅಲುಗಾಡಿಸುವುದೊಂದೇ ಆಟಗಾರನ ಕೈಯಲ್ಲಿದ್ದದ್ದು. ಈ ಅಲುಗಾಡಿಸುವ ವಿಷಯಕ್ಕೆ ಮತ್ತೆ ಬರುತ್ತೇನೆ, ಅಲ್ಲೇ ನನ್ನ ರಕ್ತ ಕುದ್ದದ್ದು.

ಛತ್ರದ ಒಳಗೆ ಹೋದರೆ ಅರ್ಧ ಯಂತ್ರಗಳಿಗೆ ಹಗ್ಗ. ವಸ್ತುಸಂಗ್ರಹಾಲಯದಲ್ಲಿ ಇರುತ್ತದಲ್ಲ, ಹಿತ್ತಾಳೆ ಕಂಬ, ಕೆಂಪು ಹಗ್ಗ. ಜೊತೆಗೊಂದು ಫಲಕ: 'ಮುಟ್ಟಬಾರದು'. ಪ್ರವೇಶಕ್ಕೆ ದುಡ್ಡು ತೆಗೆದುಕೊಂಡು, ಕೈಗೆ ಕಾಗದದ ಪಟ್ಟಿ ಕಟ್ಟಿ, ಒಳಗೆ ಕರೆದು, ಆಟದ ಯಂತ್ರವನ್ನು ಮುಟ್ಟಬೇಡಿ ಅನ್ನುತ್ತಾರೆ. ಹಗ್ಗದ ಆಚೆ ಇದ್ದವುಗಳಲ್ಲಿ ಒಂದು 1992ರ ಆಡಮ್ಸ್ ಫ್ಯಾಮಿಲಿ. 20,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಯಂತ್ರ ಅದು, ಅಪರೂಪದ ವಸ್ತುವೇ ಅಲ್ಲ. ಅದರಲ್ಲಿ ಒಂದು ಪೆಟ್ಟಿಗೆಯಿಂದ ಕೈಯೊಂದು ಹೊರಬಂದು ಗುಂಡನ್ನು ಅಯಸ್ಕಾಂತದಿಂದ ಎತ್ತಿಕೊಂಡು ಒಳಗೆ ಹೋಗುತ್ತದೆ. ಹಲಗೆಯ ಅಡಿಯಲ್ಲಿರುವ ಅಯಸ್ಕಾಂತಗಳು ಓಡುವ ಗುಂಡನ್ನು ದಾರಿ ತಪ್ಪಿಸುತ್ತವೆ. ಇದನ್ನೆಲ್ಲ ವಿವರಿಸುವ ಚಂದದ ಕಾಗದ ಅಂಟಿಸಿದ್ದರು. ದಿನವಿಡೀ ಆ ಕೈ ಒಂದು ಸಲವೂ ಹೊರಗೆ ಬರಲಿಲ್ಲ. ಮಕ್ಕಳು ಹಗ್ಗದ ಈಚೆ ನಿಂತು ಕಾಗದ ಓದಿ, ಸೆಲ್ಫಿ ತೆಗೆದುಕೊಂಡು ಮುಂದೆ ಹೋದರು.

ಸರಿ, ಹಗ್ಗ ಇಲ್ಲದ ಯಂತ್ರದಲ್ಲಾದರೂ ಆಡೋಣವೆಂದರೆ ಅಲ್ಲೂ ಕಾವಲು. ಹತ್ತು ಹನ್ನೊಂದು ವರ್ಷದ ಹುಡುಗಿಯೊಬ್ಬಳು ಗುಂಡು ಬದಿಯ ಸಂದಿಗೆ ಹೋಗುವುದನ್ನು ನೋಡಿ ಯಂತ್ರವನ್ನು ಅಂಗೈಯಿಂದ ಸಣ್ಣಗೆ ತಳ್ಳಿದಳು. ಯಾರೂ ಹೇಳಿಕೊಟ್ಟಿರಲಿಲ್ಲ, ತಾನೇ ಕಂಡುಕೊಂಡಿದ್ದಳು. ನನಗೆ ಆ ಕ್ಷಣ ಎಷ್ಟು ಖುಷಿಯಾಯಿತು ಗೊತ್ತಾ! ಅಷ್ಟರಲ್ಲಿ ಸ್ವಯಂಸೇವಕನೊಬ್ಬ ಓಡಿ ಬಂದು, "ಏಯ್, ಅಲ್ಲಾಡಿಸಬಾರದು, ಹಾಳಾಗುತ್ತೆ" ಅಂತ ಗದರಿದ. ಮಗು ಕೈ ಹಿಂದೆ ಕಟ್ಟಿಕೊಂಡು ನಿಂತುಬಿಟ್ಟಿತು.

ಅಲ್ಲಾಡಿಸುವುದು ಪಿನ್‌ಬಾಲ್‌ನ ಅರ್ಧ ವಿದ್ಯೆ ಸ್ವಾಮಿ. ಎಷ್ಟು ಅಲ್ಲಾಡಿಸಬಹುದು ಎಂದು ತೀರ್ಮಾನಿಸಲು ಯಂತ್ರದ ಒಳಗೇ ವ್ಯವಸ್ಥೆ ಇದೆ. ಅದರ ಹೆಸರು ಟಿಲ್ಟ್. 1930ರ ದಶಕದಲ್ಲಿ ಹ್ಯಾರಿ ವಿಲಿಯಮ್ಸ್ ಎಂಬಾತ ತಂದದ್ದು. ಗಾರೆ ಕೆಲಸದವರು ಗೋಡೆ ನೇರವಿದೆಯಾ ಅಂತ ನೋಡಲು ತೂಗುಗುಂಡು ಬಿಡುತ್ತಾರಲ್ಲ, ಅಂಥದ್ದೇ ಒಂದು ಗುಂಡು ಲೋಹದ ಬಳೆಯೊಂದರ ಮಧ್ಯೆ ತೂಗುತ್ತಿರುತ್ತದೆ. ಮೆಲ್ಲಗೆ ತಳ್ಳಿದರೆ ಅದು ಬಳೆಗೆ ತಾಗುವುದಿಲ್ಲ. ಜೋರಾಗಿ ತಳ್ಳಿದರೆ ತಾಗಿ ಸರ್ಕ್ಯೂಟ್ ಪೂರ್ತಿಯಾಗುತ್ತದೆ, ಫ್ಲಿಪ್ಪರುಗಳು ಸತ್ತುಹೋಗುತ್ತವೆ, ಆಟದ ಗುಂಡು ಕಣ್ಣೆದುರೇ ಕೆಳಗೆ ಜಾರಿ ಹೋಗುತ್ತದೆ. ಮಿತಿ ಎಲ್ಲಿದೆ ಎಂದು ಕೈಗೆ ಗೊತ್ತಾಗುವುದು ಆಡಿ ಆಡಿಯೇ. ಆ ಹುಡುಗಿ ಮಿತಿಯೊಳಗೇ ಇದ್ದಳು, ಯಂತ್ರವೇ ಒಪ್ಪಿತ್ತು. ನಾನು ಹೋಗಿ ಆ ಹುಡುಗನಿಗೆ ಇದನ್ನು ಹೇಳಿದೆ. "ಮೇಡಂ, ನಮಗೆ ಹಾಗೇ ಹೇಳಿದ್ದಾರೆ" ಅಂದ. ಅವನದೇನು ತಪ್ಪು, ಹೇಳಿದವರನ್ನು ಕೇಳಬೇಕು.

ಇನ್ನು ನನ್ನನ್ನು ಇಡೀ ಮಧ್ಯಾಹ್ನ ಕಟ್ಟಿಹಾಕಿದ ಯಂತ್ರದ ಕಥೆ. ಕೊಯಮತ್ತೂರಿನಿಂದ ಬಂದಿದ್ದ ಯುವಕನೊಬ್ಬನದು, ಎಪ್ಪತ್ತರ ದಶಕದ ಎಲೆಕ್ಟ್ರೋ ಮೆಕ್ಯಾನಿಕಲ್ ಯಂತ್ರ. ಅದರಲ್ಲಿ ಚಿಪ್ ಇಲ್ಲ, ಪ್ರೋಗ್ರಾಂ ಇಲ್ಲ. ಎಲ್ಲವೂ ರಿಲೇ (ಕರೆಂಟ್ ಹರಿದರೆ ತಾನೇ ಬದಲಾಗುವ ಸ್ವಿಚ್ಚು), ಸ್ಟೆಪ್ಪರ್ (ಪಲ್ಸಿಗೊಂದು ಹೆಜ್ಜೆ ಹಾಕುವ ಸ್ವಿಚ್ಚು), ಮೋಟಾರ್, ತಂತಿ. ನಾನು ಸ್ಟ್ರೌಜರ್ ಎಂಬ ಹಳೇ ಕಾಲದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ರಿಲೇ ಕಾಂಟ್ಯಾಕ್ಟ್ ಒರೆಸುತ್ತಾ ಯೌವನ ಕಳೆದವಳು, ನಿಮಗೆಲ್ಲ ಗೊತ್ತೇ ಇದೆ. ಅವನು ಹಿಂಬಾಗಿಲು ತೆರೆದಾಗ ಒಳಗೆ ನೋಡಿ ಮಾತೇ ಹೊರಡಲಿಲ್ಲ. ಡಯಲ್ ಫೋನಿನಲ್ಲಿ 5 ತಿರುಗಿಸಿದರೆ ಐದು ಪಲ್ಸ್ ಹೋಗಿ ಎಕ್ಸ್‌ಚೇಂಜಿನಲ್ಲಿ ಲೈನ್ ಹುಡುಕುವ ಸೆಲೆಕ್ಟರ್ ಐದು ಹೆಜ್ಜೆ ಏರುತ್ತಿತ್ತಲ್ಲ, ಇಲ್ಲೂ ಅದೇ ತತ್ವ. 50 ಅಂಕ ಬಂದರೆ ಯಂತ್ರ ಒಮ್ಮೆಲೇ 50 ಕೂಡಿಸುವುದಿಲ್ಲ. ಸ್ಕೋರ್ ಮೋಟಾರ್ ತಿರುಗಿ ಐದು ಪಲ್ಸ್ ಕೊಡುತ್ತದೆ, ಹತ್ತರ ಚಕ್ರ ಐದು ಹೆಜ್ಜೆ ಹಾಕುತ್ತದೆ, ಒಂದೊಂದು ಹೆಜ್ಜೆಗೂ ಒಂದು ಘಂಟಾನಾದ. ಹತ್ತಕ್ಕೊಂದು ಸ್ವರ, ನೂರಕ್ಕೊಂದು, ಸಾವಿರಕ್ಕೊಂದು. ಕಣ್ಣು ಮುಚ್ಚಿ ನಿಂತರೂ ಎಷ್ಟು ಅಂಕ ಬಂತು ಅಂತ ಹೇಳಬಹುದು.

ನಮ್ಮ ಎಕ್ಸ್‌ಚೇಂಜು ಡಿಜಿಟಲ್ ಆದಾಗ ಆ ಸ್ಟ್ರೌಜರ್ ರ‍್ಯಾಕುಗಳನ್ನು ಬಿಚ್ಚಿ ಗುಜರಿಗೆ ತೂಕದ ಲೆಕ್ಕದಲ್ಲಿ ಹಾಕಿದರು. ರಾತ್ರಿ ಪಾಳಿಯಲ್ಲಿ ಆ ಸಾವಿರಾರು ರಿಲೇಗಳ ಟಕಟಕ ಕೇಳಿಸಿಕೊಂಡೇ ಊರಿನ ಸುಖದುಃಖ ಊಹಿಸುತ್ತಿದ್ದೆ. ಅದೆಲ್ಲ ಲಾರಿ ಹತ್ತಿ ಹೋದ ದಿನ ಮನೆಗೆ ಬಂದು ಊಟ ಮಾಡಲಿಲ್ಲ. ನಿನ್ನೆ ಆ ಯಂತ್ರದೊಳಗಿನ ಟಕಟಕ ಕೇಳಿ ಅಪರಿಚಿತರ ಮುಂದೆ ಕಣ್ಣೀರು ಬಂತು. ಕೊಯಮತ್ತೂರಿನ ಹುಡುಗ ಗಾಬರಿಯಾಗಿ ನೀರು ತಂದುಕೊಟ್ಟ.

ಮಧ್ಯಾಹ್ನ ಅದೇ ಯಂತ್ರ ಕೈಕೊಟ್ಟಿತು. ನೂರರ ಚಕ್ರ ನಿಂತುಹೋಯಿತು. ಅವನು ಮುಖ ಸಪ್ಪಗೆ ಮಾಡಲಿಲ್ಲ. ಗಾಜು ಜಾರಿಸಿ ತೆಗೆದು, ಹಲಗೆ ಎತ್ತಿ ನಿಲ್ಲಿಸಿ, ಜೇಬಿನಿಂದ ಒಂದು ವಿಸಿಟಿಂಗ್ ಕಾರ್ಡ್ ತೆಗೆದು, ಕಾಂಟ್ಯಾಕ್ಟಿನ ಮಧ್ಯೆ ಇಟ್ಟು ಮೆಲ್ಲಗೆ ಎಳೆದ. ಕಾರ್ಡಿನ ಮೇಲೆ ಕಪ್ಪು ಗೆರೆ ಬಂತು. ಮಕ್ಕಳಿಗೆಲ್ಲ ಅದನ್ನು ತೋರಿಸಿದ. ಚಕ್ರ ತಿರುಗಿತು. ಇಡೀ ಮೇಳದಲ್ಲಿ ಅತಿ ಹೆಚ್ಚು ಜನ ಗುಂಪುಗೂಡಿದ್ದು ಆ ಕೆಟ್ಟ ಯಂತ್ರದ ಸುತ್ತ, ಅದು ಕೆಟ್ಟಿದ್ದ ಹೊತ್ತಿನಲ್ಲಿ. ಹಗ್ಗ ಕಟ್ಟಿದ ಹೊಳೆಯುವ ಯಂತ್ರಗಳ ಮುಂದೆ ಆಗ ಒಬ್ಬರೂ ಇರಲಿಲ್ಲ.

ಹಗ್ಗ ಕಟ್ಟಿದವರಲ್ಲಿ ಒಬ್ಬರ ಜೊತೆ ಮಾತಾಡಿದೆ. ಒಳ್ಳೆಯವರೇ. ಅವರ ವಾದ ಇದು: ಹಡಗಿನಲ್ಲಿ ತರಿಸಿ, ಸುಂಕ ಕಟ್ಟಿ, ವರ್ಷಗಟ್ಟಲೆ ಕೂತು ಸರಿಮಾಡಿದ್ದೇನೆ. ಯಾರೋ ಬಂದು ಗುದ್ದಿದರೆ? ಒಂದು ಫ್ಲಿಪ್ಪರ್ ಕಾಯಿಲ್ ಸುಟ್ಟರೆ ಅಮೆರಿಕದಿಂದ ಬರಬೇಕು. ಮುಂದಿನ ಪೀಳಿಗೆಗೆ ಉಳಿಸುವುದು ಬೇಡವೇ?

ನೋವು ಅರ್ಥವಾಗುತ್ತದೆ, ವಾದ ಒಪ್ಪಲಾರೆ. ಜನ ವಾಸವಿಲ್ಲದೆ ಬೀಗ ಹಾಕಿದ ಮನೆ ಎಷ್ಟು ಬೇಗ ಹಾಳಾಗುತ್ತದೋ ಈ ಯಂತ್ರಗಳೂ ಹಾಗೆಯೇ. ಆಡಿದಾಗ ರಿಲೇ ಕಾಂಟ್ಯಾಕ್ಟುಗಳು ಒಂದನ್ನೊಂದು ಉಜ್ಜಿಕೊಂಡು ತಾವೇ ಶುಚಿಯಾಗುತ್ತವೆ. ಸುಮ್ಮನೆ ನಿಂತರೆ ಕಿಲುಬು ಹಿಡಿಯುತ್ತದೆ. ಇದು ಪುಸ್ತಕದಿಂದ ಹೇಳುತ್ತಿಲ್ಲ, ಟೆಲಿಫೋನ್ ಇಲಾಖೆಯ ಸೇವೆಯಲ್ಲಿ ಕೈಯಾರೆ ಕಂಡದ್ದು. ರಬ್ಬರ್ ರಿಂಗುಗಳು ಆಡಿದರೂ ಆಡದಿದ್ದರೂ ಗಟ್ಟಿಯಾಗಿ ಬಿರಿಯುತ್ತವೆ. ಹಳೆಯ ಎಲೆಕ್ಟ್ರಾನಿಕ್ ಯಂತ್ರಗಳಲ್ಲಂತೂ ನೆನಪು ಉಳಿಸಲು ಬೋರ್ಡಿನ ಮೇಲೆಯೇ ಬ್ಯಾಟರಿ ಇರುತ್ತದೆ. ವರ್ಷಗಟ್ಟಲೆ ಯಾರೂ ತೆರೆದು ನೋಡದಿದ್ದರೆ ಅದು ಸೋರಿ ತಾಮ್ರದ ಗೆರೆಗಳನ್ನೇ ತಿಂದುಹಾಕುತ್ತದೆ. ಹಗ್ಗ ಇದ್ಯಾವುದನ್ನು ತಡೆಯುತ್ತದೆ?

ಕಾಯಿಲ್ ವಿಷಯಕ್ಕೆ ಉತ್ತರ ಕೊಟ್ಟವರು ಪಕ್ಕದಲ್ಲೇ ನಿಂತಿದ್ದ ಹಿರಿಯರು. ಮಂಡ್ಯ ಕಡೆಯ ಕಬ್ಬು ಬೆಳೆಗಾರರು, ಮೊಮ್ಮಗನನ್ನು ಕರೆತಂದಿದ್ದರು. "ಇದೇನ್ ಸಾರ್, ತಾಮ್ರದ ತಂತಿ ಸುತ್ತಿರದಲ್ವಾ? ನಮ್ಮೂರಲ್ಲಿ ಪಂಪ್‌ಸೆಟ್ ಮೋಟ್ರು ಸುತ್ತೋನಿಗೆ ಕೊಟ್ರೆ ಸಾಯಂಕಾಲದೊಳ್ಗೆ ಸುತ್ತಿ ಕೊಡ್ತಾನೆ" ಅಂದರು. ನನಗೆ ಅವರ ಕೈ ಹಿಡಿದು ಕುಲುಕಬೇಕೆನಿಸಿತು, ಕುಲುಕಿಯೂಬಿಟ್ಟೆ. ನಿಜವಾದ ಮಾತು. ಫ್ಲಿಪ್ಪರ್ ಕಾಯಿಲಿನಲ್ಲಿ ಎರಡು ಸುತ್ತುಗಳಿರುತ್ತವೆ, ಹೊಡೆಯಲು ದಪ್ಪ ತಂತಿಯದೊಂದು, ಎತ್ತಿ ಹಿಡಿಯಲು ಸಣ್ಣ ತಂತಿಯದೊಂದು. ಪೂರ್ತಿ ಎದ್ದ ಕೂಡಲೇ ಒಂದು ಸ್ವಿಚ್ ಕರೆಂಟನ್ನು ಇಳಿಸುತ್ತದೆ, ಇಲ್ಲದಿದ್ದರೆ ಕಾಯಿಲ್ ಸುಡುತ್ತದೆ. ತಂತಿಯ ಗೇಜು, ಸುತ್ತಿನ ಲೆಕ್ಕ ಕೊಟ್ಟರೆ ಕೆ.ಆರ್.ಪೇಟೆಯಲ್ಲೋ ಮದ್ದೂರಿನಲ್ಲೋ ಇದನ್ನು ಸುತ್ತುವ ಕೈಗಳಿವೆ. ಆ ಕೈಗಳಿಗೆ ಈ ಯಂತ್ರದ ಪರಿಚಯವಾಗಬೇಕಾದರೆ ಯಂತ್ರ ಹಗ್ಗದಿಂದ ಈಚೆ ಬರಬೇಕು.

ಪಿನ್‌ಬಾಲ್ ಇವತ್ತು ಬದುಕಿರುವುದೇ ಒಬ್ಬ ಮನುಷ್ಯ ಎಲ್ಲರೆದುರು ಆಡಿ ತೋರಿಸಿದ್ದರಿಂದ. ನ್ಯೂಯಾರ್ಕ್ ನಗರ 1942ರಲ್ಲಿ ಇದು ಜೂಜು ಅಂತ ನಿಷೇಧಿಸಿತ್ತು. ಮೇಯರ್ ಲಗಾರ್ಡಿಯಾ ಸುತ್ತಿಗೆ ಹಿಡಿದು ಯಂತ್ರ ಒಡೆಯುವ ಫೋಟೋಗಳಿವೆ. ಮೂರು ದಶಕ ದಾಟಿತು ಆ ನಿಷೇಧ. 1976ರಲ್ಲಿ ನಗರಸಭೆಯ ವಿಚಾರಣೆಗೆ ರೋಜರ್ ಶಾರ್ಪ್ ಎಂಬ ಯುವಕ ಬಂದ. ಇದರಲ್ಲಿ ಅದೃಷ್ಟಕ್ಕಿಂತ ಕೈಚಳಕ ಇದೆ ಎಂದು ಸಾಧಿಸಬೇಕಿತ್ತು. ಅಲ್ಲೇ ಯಂತ್ರ ಇಟ್ಟು ಆಡಿದ. ಕೊನೆಗೆ, ಹಿಡಿಕೆ ಎಳೆದು ಬಿಟ್ಟರೆ ಗುಂಡು ಮೇಲಿನ ಮಧ್ಯದ ಸಾಲಿನಲ್ಲೇ ಇಳಿಯುತ್ತದೆ ಎಂದು ಮೊದಲೇ ಹೇಳಿ ಬಿಟ್ಟ. ಗುಂಡು ಹಾಗೆಯೇ ಇಳಿಯಿತು. ನಿಷೇಧ ಹೋಯಿತು. ಅಂದು ಆ ಯಂತ್ರದ ಸುತ್ತಲೂ ಹಗ್ಗ ಕಟ್ಟಿ ಭಾಷಣ ಮಾಡಿದ್ದರೆ ಏನಾಗುತ್ತಿತ್ತು, ನೀವೇ ಯೋಚಿಸಿ.

ಚಿಕಾಗೋದ ಪಿನ್‌ಬಾಲ್ ಎಕ್ಸ್‌ಪೋ 1985ರಿಂದ ನಡೆಯುತ್ತಿದೆ. ಅಂಥ ಮೇಳಗಳ ಪದ್ಧತಿ ಏನೆಂದರೆ, ಬಾಗಿಲಲ್ಲಿ ಒಂದು ಸಲ ಟಿಕೆಟ್, ಒಳಗೆ ನಾಣ್ಯ ಹಾಕುವ ಗೊಡವೆಯಿಲ್ಲದೆ ಆಡುವುದು. ಜನ ತಮ್ಮ ಮನೆಯ ಯಂತ್ರಗಳನ್ನೇ ತಂದು ಊರವರಿಗೆ ಆಡಲು ಬಿಡುತ್ತಾರೆ. ಕೆಟ್ಟರೆ ಅಲ್ಲೇ ಕೂತು ಸರಿಮಾಡುತ್ತಾರೆ. ಅವರಿಗೇನು ತಮ್ಮ ಯಂತ್ರದ ಮೇಲೆ ಪ್ರೀತಿ ಕಡಿಮೆಯೇ?

ಅಷ್ಟು ದೂರ ಯಾಕೆ, ನಮ್ಮ ಜಗನ್ಮೋಹನ ಅರಮನೆಗೇ ಹೋಗಿ. ಮುಮ್ಮಡಿ ಕೃಷ್ಣರಾಜ ಒಡೆಯರು ಎಷ್ಟೊಂದು ಮಣೆಯಾಟಗಳನ್ನು ರಚಿಸಿದರು! ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ್ದಾರೆ, ನೋಡಿದರೆ ಕಣ್ಣು ತಣಿಯುತ್ತದೆ. ಚಿಕ್ಕಂದಿನಲ್ಲಿ ಅಪ್ಪನ ಕೈ ಹಿಡಿದು ಅವನ್ನು ನೋಡುತ್ತಾ, ಇದನ್ನು ಹೇಗೆ ಆಡುತ್ತಾರೆ ಅಂತ ಕೇಳಿದ್ದೆ. ಅಪ್ಪನಿಗೆ ಗೊತ್ತಿರಲಿಲ್ಲ. ಆದರೆ ಅದೇ ಅಪ್ಪ ಮನೆಗೆ ಬಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರ ಬರೆದು, ಕವಡೆ ಹಾಕಿ ನಮ್ಮೆಲ್ಲರನ್ನೂ ಸೋಲಿಸುತ್ತಿದ್ದರು. ಹಳೇ ದೇವಸ್ಥಾನಗಳ ಮಂಟಪದಲ್ಲಿ ಕಲ್ಲುಹಾಸಿನ ಮೇಲೆ ಯಾರೋ ಕೆತ್ತಿಟ್ಟ ಆಟದ ಮನೆಗಳನ್ನು ಕಂಡಿದ್ದೀರಲ್ಲ, ಕೂತವರ ಕೈಯಿಂದ ಸವೆದು ನುಣುಪಾಗಿರುತ್ತವೆ. ಆ ಆಟಗಳಿಗೆ ಯಾರೂ ಕಾಗದ ಅಂಟಿಸಿ ವಿವರ ಬರೆಯಬೇಕಾಗಲಿಲ್ಲ. ಮುಮ್ಮಡಿಯವರ ಆಟಗಳನ್ನೂ ನಮ್ಮೂರಿನ ಕೆಲವರು ಈಗ ಮತ್ತೆ ಮರದಲ್ಲಿ, ಬಟ್ಟೆಯಲ್ಲಿ ಮಾಡಿ ಜನರ ಕೈಗೆ ಕೊಡುತ್ತಿದ್ದಾರೆ. ಅವರಿಗೆ ನನ್ನ ನಮಸ್ಕಾರ. ಇಂಥ ಊರಿನಲ್ಲಿ ನಿಂತು ಹಗ್ಗ ಕಟ್ಟುತ್ತೀರಲ್ಲ, ಅದಕ್ಕೇ ಇಷ್ಟು ಹೊಟ್ಟೆ ಉರಿದದ್ದು.

ಆ ಹುಡುಗಿಯನ್ನು ಸಂಜೆ ಮತ್ತೆ ಹುಡುಕಿಕೊಂಡು ಹೋಗಿ ಕೊಯಮತ್ತೂರಿನ ಯಂತ್ರದ ಮುಂದೆ ನಿಲ್ಲಿಸಿದೆ. ಫ್ಲಿಪ್ಪರ್ ಎತ್ತಿ ಹಿಡಿದು ಗುಂಡನ್ನು ಅದರ ಬುಡದಲ್ಲಿ ನಿಲ್ಲಿಸಿಕೊಳ್ಳುವುದು, ಆಮೇಲೆ ಗುರಿ ನೋಡಿ ಹೊಡೆಯುವುದು, ಇಷ್ಟನ್ನು ಕಲಿತಳು. ಬೇಕಾದಷ್ಟು ತಳ್ಳಿದಳು. ಎರಡು ಸಲ ಟಿಲ್ಟ್ ಆಯಿತು, ಮೂರನೆಯ ಸಲ ಆಗಲಿಲ್ಲ.

ಮೇಳ ಮಾಡಿದವರಿಗೆ ಕೇಳಿಕೊಳ್ಳುವುದಿಷ್ಟು. ಮುಂದಿನ ವರ್ಷ ಖಂಡಿತ ಮಾಡಿ, ಮೈಸೂರಿನಲ್ಲೇ ಮಾಡಿ, ಎಲ್ಲ ಯಂತ್ರಗಳನ್ನೂ ಆಡಲು ಬಿಡಿ. ರಿಪೇರಿಗೊಂದು ಮೇಜು ಹಾಕಿ, ಬೆಳಗ್ಗಿನಿಂದ ಸಂಜೆವರೆಗೆ ನಾನು ಕೂರುತ್ತೇನೆ. ಕಾಂಟ್ಯಾಕ್ಟ್ ಉಜ್ಜುವ ನನ್ನ ಬರ್ನಿಷರ್, ಸ್ಪ್ರಿಂಗ್ ಟೆನ್ಷನ್ ಗೇಜ್, ಸೋಲ್ಡರಿಂಗ್ ಐರನ್ ಇನ್ನೂ ಹಾಗೇ ಇವೆ. ಸ್ಟ್ರೌಜರ್ ಕಾಲದ ಗೆಳೆಯ ಗೆಳತಿಯರೇ, ಮೈಸೂರು ಮಂಡ್ಯದಲ್ಲಿ ನಿವೃತ್ತಿಯಾಗಿ ಕೂತಿದ್ದೀರಲ್ಲ, ನೀವೂ ಬನ್ನಿ. ಕಾಯಿಲ್ ಸುತ್ತುವವರನ್ನು ಕರೆತರುವ ಜವಾಬ್ದಾರಿ ಮಂಡ್ಯದ ಆ ಹಿರಿಯರು ಆಗಲೇ ಒಪ್ಪಿಕೊಂಡಿದ್ದಾರೆ.