ಹತ್ತಕ್ಕೆ ಮೂರು

ಎರಡು ದಿನ ಕೂತು ಅಚ್ಚಿಗೆಂದು ಲಿನೋ ಎಂಬ ಮೆತ್ತನೆಯ ಹಾಳೆಯ ಮೇಲೆ ಒಂದು ಕುಣಿಮಗ್ಗ ಕೆತ್ತಿದೆ. ಮೂಲೆಯಲ್ಲಿ ಸಣ್ಣಕ್ಷರದಲ್ಲಿ ‘ಮಗ್ಗ’ ಎಂದೂ ಕೆತ್ತಿದೆ. ಗಾಜಿನ ಮೇಲೆ ಮಸಿ ಹರಡಿ ರೋಲರ್ ಓಡಿಸಿದೆ. ಮಸಿ ಹದಕ್ಕೆ ಬಂದರೆ ರೋಲರಿನಡಿ ಚಿರ್ರ್ ಎಂದು ಸದ್ದು ಮಾಡುತ್ತದೆ, ಒಗ್ಗರಣೆಯ ಹಾಗೆ. ಬ್ಲಾಕಿಗೆ ಮಸಿ ಹಚ್ಚಿ, ಕಾಗದ ಹಾಸಿ, ಸ್ಟೀಲ್ ಚಮಚದ ಬೆನ್ನಿನಿಂದ ತಿಕ್ಕಿ, ತುದಿ ಹಿಡಿದು ಮೆಲ್ಲಗೆ ಎತ್ತಿದರೆ ಮಗ್ಗವೇನೋ ಚೆನ್ನಾಗಿಯೇ ಬಂದಿತ್ತು. ಮೂಲೆಯ ಅಕ್ಷರ ಮಾತ್ರ ಯಾವ ದೇಶದ್ದೋ! ತಿರುಗುಮುರುಗಾಗಿ ಕೆತ್ತಬೇಕು ಅನ್ನುವುದು ಇಪ್ಪತ್ತು ವರ್ಷದಿಂದ ಗೊತ್ತು. ನಾಲ್ಕು ಮಕ್ಕಳಿಗೆ ಹೇಳಿಯೂ ಕೊಟ್ಟಿದ್ದೇನೆ. ಕೈ ಮಾತ್ರ ಇನ್ನೂ ಒಂದನೇ ಕ್ಲಾಸಿನಲ್ಲೇ ಇದೆ.

ಮಸಿ ಕಲಸಿಯಾಗಿತ್ತು, ಕಾಗದ ಕತ್ತರಿಸಿಯಾಗಿತ್ತು. ಯಾರಾದರೂ ಕೇಳಿದರೆ ಬೇಕೆಂದೇ ಹಾಗೆ ಮಾಡಿದ್ದು ಅಂದರಾಯಿತು ಎಂದುಕೊಂಡು ಹತ್ತು ಪ್ರತಿ ತೆಗೆದೆ. ಪದ್ಧತಿಯಂತೆ ಪ್ರತಿಯೊಂದರ ಕೆಳಗೂ ಪೆನ್ಸಿಲ್ಲಿನಲ್ಲಿ 1/10, 2/10, 3/10 ಎಂದು ಬರೆದು ಒಣಗಲು ಹಗ್ಗಕ್ಕೆ ನೇತುಹಾಕಿದೆ. ಅವ್ವ ಕನ್ನಡಕ ಏರಿಸಿ ಒಂದೊಂದನ್ನೇ ನೋಡುತ್ತಾ ಬಂದು ಮೂರನೆಯದರ ಮುಂದೆ ನಿಂತಳು.

“ಇಷ್ಟ್ ತಿಕ್ಕಿದ್ರೂ ಹತ್ತಕ್ಕ ಮೂರಽ ಕೊಟ್ಟಾರೇನವಾ?”

ಹತ್ತು ಪ್ರತಿಯಲ್ಲಿ ಇದು ಮೂರನೆಯದು ಎಂದು ಬಿಡಿಸಿ ಹೇಳಿದೆ. “ಹತ್ತೂ ಒಂದಽ ನಮೂನಿ ಅದಾವ, ಹತ್ತ್ಯಾಕ ಬೇಕು?” ಅಂದಳು. ಇದಕ್ಕೆ ಉತ್ತರ ಕಲಾ ಶಾಲೆಯಲ್ಲೂ ಸಿಕ್ಕಿರಲಿಲ್ಲ.

ಅವ್ವನ ಪ್ರಶ್ನೆಗೆ ಹಿನ್ನೆಲೆಯಿದೆ. ಅವಳು ಬೆಳೆದದ್ದು ಇಳಕಲ್ಲಿನ ಕಡೆ. ಅಲ್ಲಿಯ ಹಳೆಯ ಪದ್ಧತಿಯ ಸೀರೆಯಲ್ಲಿ ಒಡಲಿನ ಹಾಸು (ಉದ್ದಕ್ಕೆ ಹೂಡುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹೆಚ್ಚಾಗಿ ಹತ್ತಿ, ಸೆರಗಿಗೆ ಕೆಂಪು ರೇಷ್ಮೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಹೀಗಾಗಿ ಒಂದೇ ಉದ್ದನೆಯ ಹಾಸು ಹೂಡಿ ಸಾಲಾಗಿ ಹತ್ತು ಸೀರೆ ಇಳಿಸುವ ಹಾಗಿಲ್ಲ. ಪ್ರತಿ ಸೀರೆಗೂ ಹೊಸ ಹಾಸು. ನಮ್ಮ ಲೆಕ್ಕದಲ್ಲಿ ಪ್ರತಿ ಇಳಕಲ್ ಸೀರೆಯ ಮೂಲೆಯಲ್ಲೂ 1/1 ಎಂದು ಬರೆಯಬೇಕು.

ಆ ಕೊಂಡಿಯನ್ನು ನಾನು ಸರಿಯಾಗಿ ನೋಡಿದ್ದು ಪ್ರಿಂಟಿನಲ್ಲೇ. ಅಜ್ಜಿಯ ಪಿಸಿದುಹೋದ ಸೀರೆಯಿಂದ ಒಡಲೂ ಸೆರಗೂ ಕೂಡುವ ಕಡೆ ಒಂದು ಗೇಣು ಕತ್ತರಿಸಿ, ರಟ್ಟಿಗೆ ಅಂಟಿಸಿ, ವಾರ್ನಿಶ್ ಬಳಿದು ಒಣಗಿಸಿ, ಮಸಿ ಹಚ್ಚಿ ಪ್ರೆಸ್ಸಿನಲ್ಲಿ ಎಳೆದೆ. ಬಣ್ಣವೆಲ್ಲ ಹೋಗಿ ಬರೀ ಎಳೆ ಉಳಿಯಿತು. ಒಂದು ಕಡೆ ರವೆ ಚೆಲ್ಲಿದಂತೆ ಹತ್ತಿ, ಇನ್ನೊಂದು ಕಡೆ ನುಣ್ಣನೆಯ ರೇಷ್ಮೆ, ನಡುವೆ ಇರುವೆ ಸಾಲಿನ ಹಾಗೆ ಕೊಂಡಿಗಳು. ಮದುವೆ ಮುಂಜಿಯಲ್ಲಿ ಅದೇ ಸೆರಗು ಹಿಡಿದುಕೊಂಡು ಓಡಾಡಿದವಳು ನಾನು. ಆ ಸಾಲು ಕಣ್ಣಿಗೆ ಬಿದ್ದಿರಲೇ ಇಲ್ಲ.

ಜರ್ಮನಿಯ ಬೌಹೌಸ್ ಕಲಾ ಶಾಲೆಯಲ್ಲಿ ನೇಯ್ಗೆ ಕಲಿತ ಆನಿ ಆಲ್ಬರ್ಸ್ 1963ರಲ್ಲಿ ಲಾಸ್ ಏಂಜಲೀಸಿನ ಟ್ಯಾಮರಿಂಡ್ ಕಲ್ಲಚ್ಚಿನ ಕಾರ್ಯಾಗಾರಕ್ಕೆ ಹೋದರು. ಕರೆ ಬಂದದ್ದು ಗಂಡ ಜೋಸೆಫ್‌ಗೆ. ಜೊತೆಗೆ ಹೋದ ಇವರೂ ಒಂದು ಕೈ ನೋಡಿದರು. ರುಚಿ ಹತ್ತಿತು. ಮುಂದಿನ ವರ್ಷದ ಪ್ರಿಂಟುಗಳಲ್ಲಿ ದಾರ ಸುತ್ತಿ ಸುಳಿದು ಸಿಕ್ಕಾಗಿ ಓಡಾಡುತ್ತದೆ. ಕೆಲವು ವರ್ಷಗಳಲ್ಲಿ ಮಗ್ಗವನ್ನೇ ಬಿಟ್ಟರು. ಹುಣಸೆಯ ಹೆಸರಿಟ್ಟುಕೊಂಡ ಜಾಗದಲ್ಲಿ ರುಚಿ ಹತ್ತದೆ ಇನ್ನೇನು! ನನ್ನದು ಉಲ್ಟಾ ದಾರಿ. ಪ್ರಿಂಟು ಕೈಕೊಟ್ಟಾಗಲೆಲ್ಲ ಮಗ್ಗದ ಕಡೆ ಓಡುತ್ತೇನೆ.

ಮಗ್ಗ ಅಂದರೆ ದೊಡ್ಡ ಮಾತಾಯಿತು. ಹಳೆಯ ಫೋಟೋ ಚೌಕಟ್ಟಿಗೆ ಮೇಲೆ ಕೆಳಗೆ ಮೊಳೆ ಹೊಡೆದು ನೂಲು ಎಳೆದದ್ದು ಅಷ್ಟೇ. ಆ ಹತ್ತು ಪ್ರತಿಗಳನ್ನು ಒಂದೊಂದು ಇಂಚಿನ ಪಟ್ಟಿಯಾಗಿ ಕತ್ತರಿಸಿ ನೂಲಿನ ನಡುವೆ ಅಡ್ಡಲಾಗಿ, ಹೊಕ್ಕಾಗಿ ಸೇರಿಸುತ್ತಾ ಹೋದೆ. ಜೋರಾಗಿ ತಟ್ಟಿದರೆ ಕಾಗದ ಹರಿಯುತ್ತದೆ, ಮೆಲ್ಲಗೆ ತಟ್ಟಿದರೆ ಸಂದು ಉಳಿಯುತ್ತದೆ. ಅಂಚಿನ ಎಳೆಗಳು ಒಳಕ್ಕೆ ಜಗ್ಗಿ ನಡುವೆ ಸೊಂಟ ಬಂತು. ಮೂರು ಸಲ ಬಿಚ್ಚಿದೆ. ಬಿಚ್ಚಬಹುದು ಅನ್ನುವುದೇ ನೇಯ್ಗೆಯ ದೊಡ್ಡ ಉಪಕಾರ. ಲಿನೋದಲ್ಲಿ ಉಳಿ ಜಾರಿದರೆ ಜಾರಿತು. ತಟ್ಟಲು ಬಳಸಿದ್ದು ಏನು ಎಂಬುದು ಒಳಗಿನಿಂದ “ನನ್ನ ಹಣಗಿ ಎಲ್ಲಿ ಒಯ್ದೀ?” ಎಂದು ಬಾಚಣಿಗೆ ಹುಡುಕುತ್ತಿದ್ದ ಅವ್ವನ ಕೂಗು ಬರುವವರೆಗೆ ಗುಟ್ಟಾಗಿತ್ತು.

ಮುಗಿಸಿ, ಮುಂಭಾಗದಲ್ಲಿ ಸಹಿ ಹಾಕಿ, 1/1 ಎಂದು ಬರೆದು ಅವ್ವನ ಕೈಗೆ ಕೊಟ್ಟೆ. ನೇಕಾರರ ಊರಿನವಳು, ಮುಂಭಾಗ ನೋಡಲೇ ಇಲ್ಲ. ಅಂಗಡಿಯಲ್ಲಿ ಸೀರೆ ನೋಡುವ ಹಾಗೆ ತಟ್ಟನೆ ಮಗುಚಿದಳು.

ಮಸಿಯ ಎಣ್ಣೆ ತೆಳ್ಳನೆಯ ಕಾಗದದಲ್ಲಿ ಇಂಗಿ ಹಿಂದಕ್ಕೆ ಕಂದು ಬಣ್ಣದಲ್ಲಿ ಮೂಡಿತ್ತು. ಅವ್ವ ಬೆರಳಿಟ್ಟ ಕಡೆ ಎರಡು ಎಳೆಗಳ ನಡುವೆ ಮಸುಕಾಗಿ, ನೆಟ್ಟಗೆ, ‘ಮಗ್ಗ’ ಎಂದಿತ್ತು.

“ಈ ಕಡೆ ಬರೋಬ್ಬರಿ ಐತಿ ನೋಡು” ಅಂದಳು.

ಈಗ ಅದು ನಡುಮನೆಯಲ್ಲಿ ಆ ಕಡೆಯಿಂದಲೇ ನೇತಾಡುತ್ತಿದೆ. ನನ್ನ ಸಹಿ ಗೋಡೆ ನೋಡುತ್ತಿದೆ.