ಕ್ಯೋಟೊದಲ್ಲಿ ಅತ್ತೆ ಬರೀ ಅನ್ನ ಉಂಡು ಮಲಗಿದರು

ಮೊನ್ನೆ ರಾತ್ರಿ ಒಂಬತ್ತೂವರೆಗೆ ನಮ್ಮ ಸೋದರತ್ತೆ ಫೋನ್ ಮಾಡಿದರು. ಮೈಸೂರಿನಿಂದ ಟೂರ್ ಕಂಪನಿಯೊಂದರ ಜೊತೆ ಜಪಾನಿಗೆ ಬಂದಿದ್ದಾರೆ, ಕ್ಯೋಟೊದಲ್ಲಿ ಅದು ಮೂರನೇ ರಾತ್ರಿ. "ಊಟ ಆಯ್ತಾ ಅತ್ತೆ?" ಅಂದೆ. "ಆಯ್ತು ಪುಟ್ಟಿ, ಅನ್ನಕ್ಕೆ ಚಟ್ನಿಪುಡಿ ಕಲಸ್ಕೊಂಡೆ" ಅಂದರು. ಮೊದಲ ರಾತ್ರಿಯೂ ಅದೇ, ಎರಡನೇ ರಾತ್ರಿಯೂ ಅದೇ. ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಅದಕ್ಕೇ ಬರೀತಿದ್ದೀನಿ, ಉದ್ದ ಆದರೆ ಸಹಿಸಿಕೊಳ್ಳಿ.

ನಮ್ಮ ಅತ್ತೆ ಈರುಳ್ಳಿ, ಬೆಳ್ಳುಳ್ಳಿ ಬಿಟ್ಟು ನಲವತ್ತು ವರ್ಷ ಆಗಿದೆ. ಬುಕ್ ಮಾಡುವಾಗಲೇ ಹೇಳಿದ್ದರು, ಬರೆದೂ ಕೊಟ್ಟಿದ್ದರು. "ಶುದ್ಧ ಸಸ್ಯಾಹಾರ, ಯೋಚನೆ ಮಾಡ್ಬೇಡಿ ಅಮ್ಮ" ಅಂತ ಕರೆತಂದವರು ಮೂರು ರಾತ್ರಿಯೂ ಒಂದೇ ಇಂಡಿಯನ್ ಹೋಟೆಲಿನ ಬಫೆಗೆ ಕೂರಿಸಿದ್ದಾರೆ. ನಾನ್, ಪನ್ನೀರ್, ಕೆಂಪು ಗ್ರೇವಿ. ಎಲ್ಲದಕ್ಕೂ ಬುಡದಲ್ಲಿ ಈರುಳ್ಳಿಯೇ. ಅತ್ತೆ ಗಲಾಟೆ ಮಾಡುವ ಜೀವ ಅಲ್ಲ. ಅನ್ನ ಹಾಕಿಸಿಕೊಂಡು ಮೂಲೆಯಲ್ಲಿ ಕೂತು ಚಟ್ನಿಪುಡಿ ಡಬ್ಬಿ ತೆಗೆದಿದ್ದಾರೆ.

ಇದು ಬೇರೆ ಊರಲ್ಲಿ ಆಗಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ಇದು ಕ್ಯೋಟೊ! 794ರಿಂದ ಸಾವಿರ ವರ್ಷಕ್ಕೂ ಮಿಕ್ಕಿ ರಾಜಧಾನಿಯಾಗಿದ್ದ ಊರು. ಇಲ್ಲಿನ ಝೆನ್ ಪಂಥದ ಬೌದ್ಧ ಮಠಗಳ ಅಡುಗೆಮನೆಗೆ ಮಾಂಸ, ಮೀನು ಬರುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿಯೂ ಬರುವುದಿಲ್ಲ. ಎಷ್ಟೋ ಝೆನ್ ಮಠಗಳ ಹೆಬ್ಬಾಗಿಲ ಪಕ್ಕದ ಕಲ್ಲಿನಲ್ಲಿ ಕೆತ್ತಿಯೇ ಇಟ್ಟಿರುತ್ತಾರೆ, ಕಟುವಾಸನೆಯ ಗಡ್ಡೆ-ಸೊಪ್ಪು ಮತ್ತು ಮದ್ಯ ಈ ಬಾಗಿಲು ದಾಟಬಾರದು ಅಂತ. ದೋಗೆನ್ ಅನ್ನುವ ಗುರುಗಳು 1237ರಲ್ಲೇ ಮಠದ ಅಡುಗೆಯವರು ಅಕ್ಕಿ ಹೇಗೆ ತೊಳೆಯಬೇಕು, ತರಕಾರಿಯನ್ನು ಎಷ್ಟು ಗೌರವದಿಂದ ಮುಟ್ಟಬೇಕು ಅಂತ ಬರೆದಿಟ್ಟಿದ್ದಾರೆ. ಆ ಅಡುಗೆಗೆ ಶೋಜಿನ್ ರ್ಯೋರಿ ಅಂತ ಹೆಸರು. ನಮ್ಮ ಅತ್ತೆಯಂಥವರಿಗೆ ಇಡೀ ಜಪಾನಿನಲ್ಲಿ ಇದಕ್ಕಿಂತ ಒಳ್ಳೆಯ ಊರು ಇಲ್ಲ. ಆ ಊರಲ್ಲೇ ಅವರು ಅರೆಹೊಟ್ಟೆಯಲ್ಲಿ ಮಲಗಿದ್ದಾರೆ.

ಇನ್ನೂ ಹೊಟ್ಟೆ ಉರಿಸುವ ಮಾತು ಕೇಳಿ. ಅವತ್ತು ಬೆಳಿಗ್ಗೆ ಬಸ್ಸು ಇವರನ್ನು ಅರಾಶಿಯಾಮದ ಬಿದಿರುಮೆಳೆಗೆ ಕರೆದುಕೊಂಡು ಹೋಗಿತ್ತು. ತೆನ್ರ್ಯೂಜಿ ಮಠದ ಉತ್ತರದ ಬಾಗಿಲು ತೆರೆಯುವುದೇ ಆ ಬಿದಿರಿನ ದಾರಿಗೆ. 1339ರಲ್ಲಿ ಶುರುವಾದ ಆ ಮಠದ ಆವರಣದಲ್ಲೇ ಶಿಗೆತ್ಸು ಅನ್ನುವ ಊಟದ ಮನೆ ಇದೆ, ಮಧ್ಯಾಹ್ನ ಶೋಜಿನ್ ಊಟ ಹಾಕುತ್ತಾರೆ. ಅತ್ತೆ ಅದರ ಪಕ್ಕದಲ್ಲೇ ಫೋಟೋ ತೆಗೆಸಿಕೊಂಡು ಬಸ್ಸು ಹತ್ತಿದ್ದಾರೆ. ನಾಲ್ಕು ಹೆಜ್ಜೆ ಒಳಗೆ ಕರೆದುಕೊಂಡು ಹೋಗುವವರು ಒಬ್ಬರೂ ಇರಲಿಲ್ಲ.

ಗೈಡ್ ಜೊತೆ ಫೋನಿನಲ್ಲಿ ಜಗಳ ಆಡಿದೆ, ಮುಚ್ಚಿಡಲ್ಲ. ಅವರ ಉತ್ತರ: "ಮೇಡಂ, ಜಪಾನಿನಲ್ಲಿ ಎಲ್ಲದಕ್ಕೂ ಮೀನು ಹಾಕ್ತಾರೆ, ನಾವು ರಿಸ್ಕ್ ತಗೊಳ್ಳಲ್ಲ. ಹಿರಿಯರಿಗೆ ಅಭ್ಯಾಸದ ಊಟವೇ ಬೇಕು."

ಮೀನಿನ ಮಾತು ಸುಳ್ಳಲ್ಲ. ದಾಶಿ ಅನ್ನುವ ತಿಳಿಸಾರು ಇಲ್ಲಿನ ಅಡುಗೆಯ ಜೀವ. ಸಾಮಾನ್ಯ ಹೋಟೆಲುಗಳಲ್ಲಿ ಅದಕ್ಕೆ ಒಣಗಿಸಿದ ಕತ್ಸುವೊ ಮೀನಿನ ಹೆರಕಲು ಬೀಳುತ್ತೆ. ಒಸಾಕಕ್ಕೆ ಬಂದ ಹೊಸದರಲ್ಲಿ ನಾನು ಮೂರು ತಿಂಗಳು ಆ ಸಾರಿನಲ್ಲೇ ಬರುವ ಉದೋನ್ ಅನ್ನುವ ದಪ್ಪ ಶಾವಿಗೆ ತಿಂದಿದ್ದೀನಿ, ಮೇಲೆ ತೇಲುತ್ತಿದ್ದದ್ದು ತೋಫು ಮಾತ್ರ ಅಂತ ನಂಬಿಕೊಂಡು. ಗೊತ್ತಾದ ದಿನ ಅತ್ತುಬಿಟ್ಟೆ. ಆಮೇಲೆ ಒಂದು ವರ್ಷ ಇಂಡಿಯನ್ ಹೋಟೆಲ್ ಬಿಟ್ಟು ಎಲ್ಲೂ ಕಾಲಿಡಲಿಲ್ಲ. ಅಪ್ಪ-ಅಮ್ಮ ಬಂದಾಗಲೂ ಅದೇ ಹೆದರಿಕೆಯಲ್ಲಿ ಕ್ಯೋಟೊಗೆ ಕರೆದುಕೊಂಡು ಹೋಗಿ ನಾಲ್ಕು ದಿನ ದಾಲ್ ಕೊಡಿಸಿ ಕಳಿಸಿದೆ. ಅಪ್ಪ ಈಗ ಇಲ್ಲ. ಈ ವಿಷಯಕ್ಕೆ ನನಗೆ ಇಷ್ಟು ಬೇಗ ಸಿಟ್ಟು ಬರುವುದು ಯಾಕೆ ಅಂತ ನನಗೇ ಗೊತ್ತು.

ಆದರೆ ಮಠದ ದಾಶಿ ಬೇರೆ. ಕೊಂಬು ಅನ್ನುವ ಕಡಲಪಾಚಿ, ಒಣಗಿದ ಶಿತಾಕೆ ಅಣಬೆ, ನೀರು, ಅಷ್ಟೇ. ಕೊಂಬು ಸಾರಿನ ಆ ರುಚಿ ಯಾವುದು ಅಂತ ಬೆನ್ನುಹತ್ತಿ 1908ರಲ್ಲಿ ಅದಕ್ಕೆ ಉಮಾಮಿ ಅಂತ ಹೆಸರಿಟ್ಟ ವಿಜ್ಞಾನಿ ಕಿಕುನಾಯೆ ಇಕೆಡ ಹುಟ್ಟಿದ್ದೂ ಕ್ಯೋಟೊದಲ್ಲೇ. ಬೀದಿಯ ಹೋಟೆಲಿನಲ್ಲಿ ಹೆದರಬೇಕು, ಒಪ್ಪಿದೆ. ಮಠದೊಳಗೆ ಯಾಕೆ ಹೆದರಬೇಕು? ಇನ್ನು ಅಭ್ಯಾಸದ ಊಟದ ಮಾತು. ಅಗ್ರಹಾರದ ಮನೆಯಲ್ಲಿ ತೊವ್ವೆ, ಹುಳಿ, ಸಾರು ಉಂಡು ಬೆಳೆದವರಿಗೆ ಬಟರ್ ಪನ್ನೀರ್ ಯಾವ ಅಭ್ಯಾಸ?

ನಿನ್ನೆ ಇವರಿಗೆ ಶಾಪಿಂಗ್ ದಿನ. ಬೆಳಿಗ್ಗೆ ಒಸಾಕದಿಂದ ರೈಲು ಹತ್ತಿದೆ, ಅರ್ಧ ಗಂಟೆಯ ದಾರಿ. ಅತ್ತೆಯನ್ನು ಹೋಟೆಲಿನಿಂದ ಎಬ್ಬಿಸಿಕೊಂಡು ಶಿಗೆತ್ಸುವಿಗೆ ಹೊರಟೆ.

ಚಾಪೆ ಹಾಸಿದ ಹಾಲಿನಲ್ಲಿ ಸಾಲಾಗಿ ನೆಲದ ಮೇಲೆ ಕೂರಿಸಿ, ಒಬ್ಬೊಬ್ಬರ ಮುಂದೆ ಕೆಂಪು ಅರಗಿನ ಬಟ್ಟಲುಗಳನ್ನು ತಂದಿಟ್ಟರು. ಅತ್ತೆ ಸುತ್ತ ನೋಡಿ, "ಇದು ಪಂಕ್ತಿ ಕಣೇ" ಅಂದರು. ಮಂಡಿನೋವಿಗೆ ಎರಡು ದಿಂಬು ಹಾಕಿಕೊಂಡರು. ಎಳ್ಳಿನ ತೋಫು ಬಾಯಿಗಿಟ್ಟು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಹೆಸರು ತೋಫು ಅಂದರೂ ಅದರಲ್ಲಿ ಸೋಯಾ ಇಲ್ಲ. ಎಳ್ಳು ನುಣ್ಣಗೆ ಅರೆದು, ಕುಜು ಅನ್ನುವ ಗಡ್ಡೆಯ ಹಿಟ್ಟು ಸೇರಿಸಿ, ಕೈ ಬಿಡದೆ ಕೆದಕಿ ಕೆದಕಿ ಆರಿಸಿ ಕತ್ತರಿಸುತ್ತಾರೆ. "ಹಾಲುಬಾಯಿ ಹದ, ಬೆಲ್ಲ ಒಂದಿಲ್ಲ. ತಳ ಹಿಡಿಯದ ಹಾಗೆ ಎಷ್ಟು ಹೊತ್ತು ಕೆದಕಿದ್ದಾರೋ ಪಾಪ" ಅಂದರು. ಅಡುಗೆ ಮಾಡಿದವರ ಕೈ ಅಡುಗೆ ಮಾಡುವವರಿಗೆ ಹೀಗೆ ತಿಳಿಯುತ್ತೆ. ಬೇಯಿಸಿದ ತರಕಾರಿ, ಸಾರು, ಅನ್ನ, ಉಪ್ಪಿನಕಾಯಿ, ಒಂದು ಅಗಳು ಬಿಡಲಿಲ್ಲ. ಅಗ್ಗದ ಊಟ ಅಲ್ಲ, ತೋಟದ ಟಿಕೆಟ್ ಬೇರೆ ಕೊಳ್ಳಬೇಕು. ಆದರೆ ಮೂರು ರಾತ್ರಿ ಮುಟ್ಟದ ಬಫೆಗೂ ಅತ್ತೆ ದುಡ್ಡು ಕೊಟ್ಟಿದ್ದಾರಲ್ಲ!

ಮಧ್ಯಾಹ್ನ ಊರಿನ ಉತ್ತರಕ್ಕೆ, ಇಮಾಮಿಯ ದೇಗುಲದ ಬಾಗಿಲಿಗೆ ಹೋದೆವು. ಅಲ್ಲಿ ಇಚಿವ ಅನ್ನುವ ಅಂಗಡಿ 1000ನೇ ಇಸವಿಯಿಂದ ಇದೆ. ಶ್ರವಣಬೆಳಗೊಳದ ಗೊಮ್ಮಟ ಎದ್ದು ನಿಂತು ಇಪ್ಪತ್ತು ವರ್ಷವಷ್ಟೇ ಆಗಿದ್ದ ಕಾಲ. ಮಾಡುವುದು ಒಂದೇ ತಿಂಡಿ, ಅಬುರಿ ಮೋಚಿ. ಹೆಬ್ಬೆರಳಿನಷ್ಟು ಮೋಚಿಗೆ, ಅಂದರೆ ಅಂಟಕ್ಕಿಯ ಉಂಡೆಗೆ, ಹುರಿದ ಸೋಯಾ ಪುಡಿ ಹೊರಳಿಸಿ, ಬಿದಿರುಕಡ್ಡಿಗೆ ಚುಚ್ಚಿ, ಇದ್ದಿಲ ಕೆಂಡದಲ್ಲಿ ಸುಟ್ಟು, ಮಿಸೊ ಅನ್ನುವ ಹುದುಗಿಸಿದ ಸೋಯಾ ಹಿಟ್ಟಿನ ಸಿಹಿಯಾದ ಬಿಳಿ ಗೊಜ್ಜು ಸುರಿದು ಕೊಡುತ್ತಾರೆ. ತಿಂದವರಿಗೆ ರೋಗರುಜಿನ ಹತ್ತಿರ ಬರಲ್ಲ ಅಂತ ನಂಬಿಕೆ. ಎದುರಿಗೇ ನೂರಾರು ವರ್ಷ ಹಳೆಯ ಇನ್ನೊಂದು ಅಂಗಡಿ, ಅದೇ ತಿಂಡಿ. ಅತ್ತೆ ಎರಡೂ ಕಡೆ ತಿಂದರು! ಅಲ್ಲಿಂದ ನಡೆಯುವಷ್ಟು ದೂರದಲ್ಲೇ ದೈತೊಕುಜಿ ಮಠ. ಅದರ ಆವರಣದ ಇಜುಸೆನ್‌ನಲ್ಲಿ, ಭಿಕ್ಷಾಪಾತ್ರೆಯ ಆಕಾರದ, ಒಂದರೊಳಗೊಂದು ಕೂರುವ ಬಟ್ಟಲುಗಳಲ್ಲಿ ಶೋಜಿನ್ ಊಟ ಕೊಡುತ್ತಾರೆ. ಹೊಟ್ಟೆಯಲ್ಲಿ ಜಾಗ ಇರಲಿಲ್ಲ, ಹೊರಗಿನಿಂದ ತೋರಿಸಿದೆ.

ನಿಮ್ಮ ಮನೆಯ ಹಿರಿಯರು ಯಾರಾದರೂ ಹೀಗೆ ಬರುವುದಿದ್ದರೆ ದುಡ್ಡು ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: ಕ್ಯೋಟೊದಲ್ಲಿ ಮಧ್ಯಾಹ್ನದ ಊಟ ಎಲ್ಲಿ? ಮಠದ ಊಟ ರಾತ್ರಿಗೆ ಸಿಗುವುದು ಕಷ್ಟ, ಮಧ್ಯಾಹ್ನವೇ ಗಟ್ಟಿ, ಮೊದಲೇ ಹೇಳಿಟ್ಟರೆ ಒಳ್ಳೆಯದು. ದಾರಿ ಗೊತ್ತಾಗದಿದ್ದರೆ ನನಗೆ ಮೆಸೇಜ್ ಮಾಡಿ, ರಜೆ ಇದ್ದ ದಿನ ನಾನೇ ಬರ್ತೀನಿ.

ವಾಪಸ್ ಬರುವಾಗ ಅತ್ತೆ ಸುಗುಕಿ ಕೊಂಡರು, ಕಾಮಿಗಾಮೊ ಕಡೆಯ ಟರ್ನಿಪ್ ಗಡ್ಡೆಯನ್ನು ಉಪ್ಪು ಹಾಕಿ ಹುಳಿ ಬರಿಸಿದ ಉಪ್ಪಿನಕಾಯಿ. ನಾನು ಪೊಟ್ಟಣದ ಹಿಂದಿನ ಅಕ್ಷರ ಎರಡು ಸಲ ಓದಿ ಹೇಳಿದ ಮೇಲೆಯೇ. ಇವತ್ತು ಅವರ ಬಸ್ಸು ಟೋಕಿಯೋಗೆ ಹೊರಟಿದೆ. ರಾತ್ರಿ ಊಟ ಇಂಡಿಯನ್ ಬಫೆಯಂತೆ. "ಅನ್ನ ಒಂದು ಸಿಕ್ಕರೆ ಸಾಕು ಪುಟ್ಟಿ, ಸುಗುಕಿ ಇದೆಯಲ್ಲ" ಅಂತ ಈಗಷ್ಟೇ ವಾಯ್ಸ್ ಮೆಸೇಜ್ ಕಳಿಸಿದ್ದಾರೆ.