ಟೊಮೆಟೊ ತಾವೇ ತರತಕ್ಕದ್ದು

ರೇಟು ಬಿದ್ದು ಟೊಮೆಟೊ ರಸ್ತೆ ಬದಿಗೆ ಸುರಿದ ವಿಡಿಯೊ ನೀವೂ ನೋಡಿರುತ್ತೀರಿ. ಕೋಲಾರದವರಿಗೆ ಅದು ಸಂಕ್ರಾಂತಿ, ಯುಗಾದಿ ಇದ್ದ ಹಾಗೆ. ಬರದೆ ಇರಲ್ಲ. ಈ ಸಲ ಅದರ ಬೆನ್ನಿಗೇ ವಾಟ್ಸ್ಯಾಪಿನಲ್ಲಿ ಒಂದು ಆಹ್ವಾನ ಬಂತು. ರೈತ ಮಹಿಳೆಯರಿಗೆ ಮನೆಯಲ್ಲೇ ಟೊಮೆಟೊ ಬ್ರೆಡ್ ಮಾಡುವ ತರಬೇತಿ. ವಿಷಯ: ಮೌಲ್ಯವರ್ಧನೆ, ಅಂದರೆ ಬೆಳೆದದ್ದನ್ನು ಹಾಗೇ ಮಾರದೆ ತಿಂಡಿ ಮಾಡಿ ಹೆಚ್ಚು ಬೆಲೆಗೆ ಮಾರುವುದು. ಕೆಳಗೆ ಸಣ್ಣ ಅಕ್ಷರದಲ್ಲಿ, ಟೊಮೆಟೊ ತಾವೇ ತರತಕ್ಕದ್ದು.

ನನ್ನ ಹೆಂಡತಿ ಹೋಗಿ ಬಂದಳು. ಬೆಂಗಳೂರಿನಿಂದ ಬಂದ ತಜ್ಞರು ಟೊಮೆಟೊ ಬೆಳ್ಳುಳ್ಳಿ ಬ್ರೆಡ್ಡು, ರಾಗಿ ಬ್ರೆಡ್ಡು ಎರಡನ್ನೂ ಹೇಳಿಕೊಟ್ಟರಂತೆ. ಓವನ್ ಇಲ್ಲದವರು ಕುಕ್ಕರಿಗೆ ಉಪ್ಪು ಸುರಿದು, ಗ್ಯಾಸ್ಕೆಟ್ ತೆಗೆದು ಬೇಯಿಸಿ ಅಂದರಂತೆ. ಅದನ್ನೂ ನೋಡಿಬಿಡೋಣ ಅಂತ ಭಾನುವಾರ ಶುರುಮಾಡಿದೆವು.

ಟೊಮೆಟೊ ಅಂದರೆ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ನೀರು. ರುಬ್ಬಿ ಹಾಕಿದ ತಕ್ಷಣ ಹಿಟ್ಟು ಅಂಬಲಿಯಾಯಿತು. ಅದಕ್ಕೆ ಇನ್ನಷ್ಟು ಮೈದಾ. ಆಮೇಲೆ ಇನ್ನಷ್ಟು. ಹಸಿ ಬೆಳ್ಳುಳ್ಳಿ ಜಾಸ್ತಿಯಾದರೆ ಈಸ್ಟ್ ಮಂಕಾಗುತ್ತೆ ಅಂತ ಗೊತ್ತಾಗಿದ್ದು ಹಿಟ್ಟು ಎರಡು ಗಂಟೆ ಕದಲದೆ ಕೂತ ಮೇಲೆ. ರಾಗಿಯ ಕಥೆ ಇನ್ನೂ ಚೆನ್ನ. ಬ್ರೆಡ್ಡು ಉಬ್ಬಬೇಕಾದರೆ ಗ್ಲುಟೆನ್ ಅನ್ನುವ ಗೋಧಿಯ ಅಂಟು ಬೇಕು, ರಾಗಿಯಲ್ಲಿ ಅದು ಇಲ್ಲವೇ ಇಲ್ಲ. ಹಾಗಾಗಿ ರಾಗಿ ಬ್ರೆಡ್ಡು ಅಂದರೆ ಮೈದಾ ಬ್ರೆಡ್ಡಿಗೆ ಒಂದು ಹಿಡಿ ರಾಗಿಯ ಪ್ರೋಕ್ಷಣೆ. ಬರೀ ರಾಗಿಯಲ್ಲೇ ಮಾಡಿದರೆ ಬರುವುದು ಮುದ್ದೆ. ಅದನ್ನು ಕಲಿಸಲು ಕೋಲಾರಕ್ಕೆ ಯಾರೂ ಬರಬೇಕಾಗಿಲ್ಲ.

ಬ್ರೆಡ್ಡಿನ ವಾಸನೆಗೆ ಅಮ್ಮ ಒಳಗಿಂದ ಎದ್ದು ಬಂದು, "ಯಾರಿಗೋ ಜ್ವರ?" ಅಂದಳು. ಅವಳ ಕಾಲದಲ್ಲಿ ಬ್ರೆಡ್ಡು ಕಾಯಿಲೆಯವರ ಊಟ. ಆಸ್ಪತ್ರೆಗೆ ನೋಡಲು ಹೋಗುವಾಗ ಅರ್ಧ ಪೌಂಡ್ ಬ್ರೆಡ್ಡು, ನಾಲ್ಕು ಮೂಸಂಬಿ. ಗಟ್ಟಿಮುಟ್ಟಾಗಿದ್ದವರು ಬ್ರೆಡ್ಡು ತಿಂದರೆ ಅನುಮಾನ ಬರುತ್ತಿತ್ತು. ಇನ್ನು ರುಚಿ ಬೆರೆಸುವ ಪ್ರಯೋಗ ಅನ್ನುತ್ತಾರಲ್ಲ, ಹಾಸನ ಕಡೆಯಿಂದ ಬಂದ ಅಯ್ಯಂಗಾರರ ಬೇಕರಿಗಳು ಅದನ್ನು ಯಾವತ್ತೋ ಮುಗಿಸಿ ಕೈ ತೊಳೆದುಕೊಂಡಿವೆ. ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಹಾಕಿದ ಖಾರಾ ಬನ್ನು. ತರಬೇತಿ ಪಡೆದವರ್ಯಾರೂ ಅದರ ಹತ್ತಿರಕ್ಕೂ ಬಂದಿಲ್ಲ.

ಒಂದು ಭಯವೂ ಇದೆ. ಇದನ್ನು ಮಾರಲು ಹೋದರೆ ನಮ್ಮ ಜಿಎಸ್‌ಟಿಯವರು ಇದನ್ನು ಬ್ರೆಡ್ಡು ಅಂತಾರೋ ತರಕಾರಿ ಅಂತಾರೋ? ಪರೋಟವನ್ನು ತಿನ್ನುವ ಮೊದಲು ಬಿಸಿ ಮಾಡಬೇಕು, ಆದ್ದರಿಂದ ಅದು ರೊಟ್ಟಿಯಲ್ಲ, ಕಟ್ಟಿ 18 ಪರ್ಸೆಂಟ್ ಅಂತ 2020ರಲ್ಲಿ ಹೇಳಿದ್ದು ನಮ್ಮ ಬೆಂಗಳೂರಿನಲ್ಲೇ. 2024ರಲ್ಲಿ ಕೊಯಮತ್ತೂರಿನ ಹೋಟೆಲ್ ಮಾಲೀಕರೊಬ್ಬರು ಹಣಕಾಸು ಸಚಿವೆಯ ಎದುರೇ ಗೋಳು ತೋಡಿಕೊಂಡರು. ಬನ್ನಿಗೆ ತೆರಿಗೆ ಇಲ್ಲ, ಒಳಗೆ ಕ್ರೀಮು ತುಂಬಿದರೆ 18 ಪರ್ಸೆಂಟ್. ಗಿರಾಕಿಗಳು ಎರಡನ್ನೂ ಬೇರೆ ಬೇರೆ ಕೊಡಿ, ನಾವೇ ಹಚ್ಚಿಕೊಳ್ತೀವಿ ಅಂತಾರೆ ಅಂದರು. ಎಲ್ಲರೂ ನಕ್ಕರು. ಆಮೇಲೆ ಆ ಮಾಲೀಕರು ಸಚಿವೆಯ ಕ್ಷಮೆ ಕೇಳುವ ವಿಡಿಯೊ ಬಂತು. ಪರೋಟದ ತೆರಿಗೆ ಸೊನ್ನೆಯಾಗಲು 2025ರ ಸೆಪ್ಟೆಂಬರ್ ಬರಬೇಕಾಯಿತು. ಪರೋಟ ರೊಟ್ಟಿಯ ಜಾತಿ ಅಂತ ಒಪ್ಪಲು ಐದು ವರ್ಷ!

ಲೆಕ್ಕಕ್ಕೆ ಬರೋಣ. ನಮ್ಮ ಒಂದು ಬ್ರೆಡ್ಡಿಗೆ ಹಿಡಿದಿದ್ದು ಎರಡು ಹಣ್ಣು, 150 ಗ್ರಾಂ. ಮಂಡಿಗೆ ಹಾಕುವ ಬಾಕ್ಸ್ 15 ಕೆಜಿ. ಒಂದು ಬಾಕ್ಸ್ ಮುಗಿಸಲು ನೂರು ಬ್ರೆಡ್ಡು. ಲಾರಿಯ ಲೆಕ್ಕ ನೀವೇ ಹಾಕಿ, ನನಗೆ ತಲೆ ಸುತ್ತುತ್ತೆ. ನೂರು ಬ್ರೆಡ್ಡಿಗೆ ಬೇಕಾದ ಮೈದಾ, ಗ್ಯಾಸು, ಬೆಣ್ಣೆ ಯಾವುದೂ ರೈತ ಬೆಳೆದದ್ದಲ್ಲ, ದುಡ್ಡು ಕೊಟ್ಟು ತರಬೇಕು. ವರ್ಧನೆ ಆದದ್ದು ಮೈದಾ ಅಂಗಡಿಯವನ ಮೌಲ್ಯ.

2023ರ ಜುಲೈಯಲ್ಲಿ ಬಾಕ್ಸ್ ಎರಡು ಸಾವಿರ ದಾಟಿದಾಗ ಯಾರೂ ಬ್ರೆಡ್ಡು ಕಲಿಸಲು ಬರಲಿಲ್ಲ. ಆಗ ರೈತರು ರಾತ್ರಿಯೆಲ್ಲ ತೋಟ ಕಾಯುತ್ತಿದ್ದರು. ರೇಟು ಬಿದ್ದರೆ ಮಾತ್ರ ರೈತನಿಗೆ ಬುದ್ಧಿ ಕಮ್ಮಿ ಅಂತ ಎಲ್ಲರಿಗೂ ನೆನಪಾಗುತ್ತೆ. ಕೀಳುವ ಕೂಲಿ, ಗಾಡಿ ಬಾಡಿಗೆ, ಕಮಿಷನ್ ಕಳೆದರೆ ಕೈಯಿಂದಲೇ ಕೊಡಬೇಕಾದವನಿಗೆ ಈಸ್ಟ್ ಕೊಟ್ಟು ಕಳಿಸುತ್ತೀರಲ್ಲ, ನಾಚಿಕೆ ಆಗಲ್ವಾ? ಸಂಸ್ಕರಣಾ ಘಟಕದ ಮಾತನ್ನು ಪ್ರತಿ ಚುನಾವಣೆಯಲ್ಲೂ ಕೇಳಿದ್ದೇವೆ. ಕೇಳಿ ಕೇಳಿ ಸಾಕಾಗಿದೆ.

ಮುಳಬಾಗಿಲು ಕಡೆ ಟೊಮೆಟೊ ಹಾಕಿರುವ ನನ್ನ ಬಾಮೈದ ಮೊನ್ನೆ ಬಂದಿದ್ದ. ಒಂದು ಚೂರು ಬ್ರೆಡ್ಡು ತಿಂದ. ಬಹಳ ಹೊತ್ತು ಅಗಿದ.

"ಭಾವ, ಇದರಲ್ಲಿ ಟೊಮೆಟೊ ಎಲ್ಲಿದೆ?"

"ಬಣ್ಣ ನೋಡಪ್ಪ."

ಉಳಿದದ್ದನ್ನು ಹಸುವಿಗೆ ಅಂತ ಕವರಿನಲ್ಲಿ ಕಟ್ಟಿಕೊಂಡು ಹೋದ. ಈಗ ಶ್ರೀನಿವಾಸಪುರದಲ್ಲಿ ಮಾವಿನ ಬ್ರೆಡ್ಡಿನ ತರಬೇತಿ ಅಂತ ಹೊಸ ಆಹ್ವಾನ ಬಂದಿದೆ. ತೋತಾಪುರಿ ತಾವೇ ತರತಕ್ಕದ್ದು.